ಕೆಂಪು ಮುಚ್ಚಳದ ಸಕ್ಕರೆ

ಪರ್ಕಳ
೨೧ ಸೆಪ್ಟೆಂಬರ್ ೨೦೨೫, ಭಾನುವಾರ
(ಇಗರ್ಜಿಯಿಂದ ಬಂದು, ಅಂಗಿ ಬದಲಿಸುವ ಮೊದಲು)

ಪ್ರೀತಿಯ ಝೀಟಾ,

ಹೇಗಿದ್ದೀ? ನಿನ್ನ ಎಡ ಮೊಣಕಾಲು ಮಸ್ಕತ್ತಿನ ಸೆಕೆಯಲ್ಲಾದರೂ ಸುಮ್ಮನಿದೆಯೋ, ಅಲ್ಲಿಯೂ ಮೆಟ್ಟಿಲು ಕಂಡ ಕೂಡಲೇ ತಕರಾರು ತೆಗೆಯುತ್ತದೆಯೋ? ಎಣ್ಣೆ ಹಚ್ಚುವವರು ಯಾರು? ಲವಿಟಾಳಿಗೆ ಬಾಣಂತಿ ಮದ್ದು ಬಿಡದೆ ಕೊಡು. ಕಹಿ ಎಂದು ಅವಳು ಮುಖ ತಿರುಗಿಸಿದರೆ, ಅವಳನ್ನು ಹೆತ್ತಾಗ ನೀನು ಅದೇ ಮದ್ದನ್ನು ದಾಸವಾಳದ ಬುಡಕ್ಕೆ ಚೆಲ್ಲಿದ್ದನ್ನು ಮಾತ್ರ ಹೇಳಬೇಡ. ಇನ್ನು ನಮ್ಮ ಮೊಮ್ಮಗ ಶ್ರೀಮಾನ್ ಬ್ರ್ಯಾಂಡನ್ ಅವರು, ಪ್ರಾಯ ಎರಡು ತಿಂಗಳು ಹನ್ನೊಂದು ದಿನ, ತೂಕ ಐದು ಕಿಲೋ ಇನ್ನೂರು ಗ್ರಾಂ, ಕ್ಷೇಮವಾಗಿಯೇ ಇರುತ್ತಾರೆ. ಅವರಿಗೆ ಎಂತ ಕಮ್ಮಿ? ದಿನವಿಡೀ ನನ್ನ ಹೆಂಡತಿಯ ಮಡಿಲು, ಮೇಲಿಂದ ಹಾಡು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನನ್ನೆದುರು ನೀನು ಹಾಡಿದ್ದು ಒಂದೇ ಸಲ, ಅದೂ ಇಗರ್ಜಿಯ ಗಾಯನ ಮಂಡಳಿಯ ಹಿಂದಿನ ಸಾಲಿನಲ್ಲಿ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಹೇಳುತ್ತೇನೆ. ಫೋನ್ ಮಾಡಿದರೆ ಲವಿಟಾ ಸ್ಪೀಕರ್ ಹಾಕುತ್ತಾಳೆ, ಅಳಿಯ ಡೆನ್ವರ್ ಹಿಂದಿನಿಂದ ಕೈ ಬೀಸುತ್ತಾನೆ, ನೀನು ಕ್ಯಾಮರಾವನ್ನು ಮಗುವಿನ ಮುಖಕ್ಕೆ ಹಿಡಿದು ಮಾಯವಾಗುತ್ತೀ. ನಾನು ಹತ್ತು ನಿಮಿಷ ಒಂದು ಆಕಳಿಕೆಯ ಜೊತೆ ಮಾತಾಡಿ ಫೋನ್ ಇಡುತ್ತೇನೆ. ಕಳೆದ ಭಾನುವಾರವೂ ಹಾಗೆಯೇ ಆಯಿತು. ಎಲ್ಲರ ಎದುರಿಗೆ ನೀನು, "ಟಿಕೆಟ್ ಮುಂದೆ ಹಾಕಿ ಇನ್ನು ಮೂರು ತಿಂಗಳು ನಿಲ್ಲಲಾ?" ಎಂದು ಕೇಳಿದೆ. ನಾನು, "ನಿಲ್ಲು, ನಿಲ್ಲು, ನನಗೆ ಇಲ್ಲಿ ಎಂತ ಕಷ್ಟ ಉಂಟು?" ಎಂದೆ. ಸ್ಪೀಕರಿನಲ್ಲಿ ಮನುಷ್ಯನಿಗೆ ಬೇರೆ ಎಂತ ಹೇಳಲಿಕ್ಕೆ ಆಗುತ್ತದೆ? ಕಾಪುವಿನ ಫೈಝಲ್, ಅಂದರೆ ನನ್ನ ವಿದ್ಯಾರ್ಥಿನಿ ಆಸ್ಯಾಳ ಅಣ್ಣ, ಇವತ್ತು ಮಸ್ಕತ್ತಿಗೆ ಹೊರಟಿದ್ದಾನೆ. ಹನ್ನೊಂದಕ್ಕೆ ಬಂದು ನಿನ್ನ ಒಣಸಿಗಡಿಯ ಪೊಟ್ಟಣವನ್ನೂ ಈ ಕಾಗದವನ್ನೂ ಒಯ್ಯುತ್ತಾನೆ. ಇದನ್ನು ಒಬ್ಬಳೇ ಕೂತು ಓದು. ಜಗಳ ಕೊಂಕಣಿಯಲ್ಲಿ, ಕಾಗದ ಕನ್ನಡದಲ್ಲಿ ಎನ್ನುವುದು ಮದುವೆಗೆ ಮೊದಲಿನಿಂದಲೂ ನಮ್ಮ ಪದ್ಧತಿಯಲ್ಲವೇ?

ಊರಿನ ಸುದ್ದಿ ಎಂದರೆ ಒಂದೇ: ಆಲ್ವಿನ್. ಜುಲೈಯಲ್ಲಿ ನಮ್ಮ ನರ್ಸಿಂಗ್ ಕಾಲೇಜಿಗೆ ಪೆಥಾಲಜಿ ಕಲಿಸಲು ಹೊಸಬನೊಬ್ಬ ಬಂದ ಎಂದು ಫೋನಿನಲ್ಲಿ ಹೇಳಿದ್ದೆ. ಕಾರ್ಕಳದವನು, ಇಪ್ಪತ್ತೊಂಬತ್ತು ವರ್ಷ, ಎಂ.ಎಸ್ಸಿ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನೀನು ತಿಳಿಯಬಾರದು. ಅವನ ತಲೆಯಲ್ಲಿ ಕೂದಲು ಸ್ವಲ್ಪ ಹೆಚ್ಚಾಗಿಯೇ ಉಂಟು, ಅದನ್ನು ಅವನು ಗಂಟೆಗೊಮ್ಮೆ ಹಿಂದಕ್ಕೆ ಸವರುತ್ತಾನೆ; ನಾನು ವಿಜ್ಞಾನದ ಮನುಷ್ಯನಾದ್ದರಿಂದ ಗಮನಿಸಿದೆ, ಅಷ್ಟೇ. ಅವನು ಥಿಯರಿ, ನಾನು ಪ್ರಾಕ್ಟಿಕಲ್ ಎಂದು ಪ್ರಾಂಶುಪಾಲರು ಗಡಿ ಹಾಕಿಕೊಟ್ಟಿದ್ದರು. ಆದರೆ ಅವನು ತಿಂಗಳೊಳಗೆ ಗಡಿ ದಾಟಿ ನನ್ನ ಲ್ಯಾಬಿಗೇ ನುಗ್ಗಿದ. ಮೈಕ್ರೋಸ್ಕೋಪಿನ ತಲೆಗೆ ಒಂದು ಕ್ಯಾಮರಾ ಸಿಕ್ಕಿಸಿ ಬಿಳಿ ರಕ್ತಕಣವನ್ನು ಗೋಡೆಯ ಮೇಲೆ ದೋಸೆಯಷ್ಟು ದೊಡ್ಡದಾಗಿ ತೋರಿಸಿದ. ನಲವತ್ತು ಹುಡುಗಿಯರು ಒಂದೇ ಉಸಿರಿನಲ್ಲಿ "ವ್ಹಾವ್ ಸರ್" ಎಂದರು. ಝೀಟಾ, ಮೂವತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸ್ಲೈಡು ಉಜ್ಜಿ, ನಿವೃತ್ತಿಯ ಮೇಲೆ ನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ. ಇಷ್ಟರವರೆಗೆ ನನಗೆ ಯಾರೂ ವ್ಹಾವ್ ಎಂದಿಲ್ಲ. ನನ್ನ ಕ್ರಮವೆಂದರೆ ಸಾಲು ನಿಲ್ಲಬೇಕು, ಒಬ್ಬೊಬ್ಬರಾಗಿ ಬರಬೇಕು, ಒಂದು ಕಣ್ಣು ಮುಚ್ಚಿ ನೋಡಬೇಕು. ಮೂವತ್ತನೆಯವಳ ಸರದಿ ಬರುವಾಗ ಗಂಟೆ ಹೊಡೆಯುತ್ತದೆ, ನಿಜ. ಆದರೆ ಕಾದು ನೋಡಿದ್ದು ಮರೆತುಹೋಗುವುದಿಲ್ಲ. ಹೀಗೆಂದು ಅಟೆಂಡರ್ ಉಮಾನಾಥನಿಗೆ ಹೇಳಿದೆ. "ಹೌದು ಸರ್, ಆದ್ರೆ ನೋಡದೇ ಇದ್ದದ್ದು ನೆನಪಿರುವುದು ಹೇಗೆ?" ಎಂದ. ಆಸ್ಪತ್ರೆಯ ಕಾಲದಿಂದ ಹತ್ತು ವರ್ಷದ ಪರಿಚಯ ನಮ್ಮದು! ಈಗ ಚಹಾ ತಂದರೆ ಮೊದಲ ಗ್ಲಾಸು ಇಡುವುದು ಆಲ್ವಿನ್ ಮೇಜಿನ ಮೇಲೆ.

ಇದನ್ನೆಲ್ಲ ನಾನು ನುಂಗಿಕೊಂಡೆ. ನುಂಗಲಾಗದ್ದು ಕೈಯ ವಿಷಯ. ನಿನಗೆ ಗೊತ್ತುಂಟು, ಮಕ್ಕಳು ರಬ್ಬರ್ ಕೈಗೆ ಚುಚ್ಚಿ ಅಭ್ಯಾಸ ಮಾಡಿದ ಮೇಲೆ ಮೊದಲ ಜೀವಂತ ಕೈ ನನ್ನದು. ನಾಲ್ಕು ಬ್ಯಾಚಿನ ಹುಡುಗಿಯರು ನನ್ನ ತೋಳಿಗೆ ಪಟ್ಟಿ ಕಟ್ಟಿ, ಬೆರಳಿನಿಂದ ನರ ತಡವಿ, "ದೇವರೇ" ಎಂದು ಸೂಜಿ ಹಾಕಿದ್ದಾರೆ. ನೀಲಿಗಟ್ಟಿದ ಆ ತೋಳನ್ನು ನೋಡಿ ನೀನು, "ಪಾಠ ಮಾಡಿ ಬಂದದ್ದಾ, ಪೆಟ್ಟು ತಿಂದು ಬಂದದ್ದಾ?" ಎಂದು ಕೇಳುತ್ತಿದ್ದೆಯಲ್ಲ. ಈ ಸಲ ಆಲ್ವಿನ್ ಸಹ ಅಂಗಿಯ ತೋಳು ಮಡಚಿ ಕುಳಿತ. ಅವನ ನರಗಳು ಉಡುಪಿ ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ, ಕಣ್ಣು ಕಾಣದವರಿಗೂ ಕಾಣುತ್ತವೆ. ಅವನ ಮುಂದೆ ಮೂವತ್ತೊಂಬತ್ತು ಜನ. ನನ್ನ ಮುಂದೆ ಒಬ್ಬಳೇ, ಆಸ್ಯಾ. ಅವಳೂ ಕೂತು, "ಬೇಜಾರು ಮಾಡ್ಬೇಡಿ ಸರ್, ನಿಮ್ಮ ಕೈಯಲ್ಲಿ ನರವೇ ಸಿಗುವುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೇ ನಾನು ಬಂದೆ, ಇಲ್ಲಿ ಸಿಕ್ಕಿದ್ರೆ ಎಲ್ಲಿಯೂ ಸಿಗ್ತದೆ ಅಲ್ವಾ?" ಎಂದಳು. ಒಂದೇ ಚುಚ್ಚಿಗೆ ತೆಗೆದಳು ಮಾರಾಯ್ತಿ. ನನಗೆ ಅಳು ಬರುವುದೊಂದು ಬಾಕಿ.

ಇಲ್ಲಿಂದ ಮುಂದೆ ಬರೆಯುವುದಕ್ಕೆ ಪೆನ್ನು ಸ್ವಲ್ಪ ಹಿಂಜರಿಯುತ್ತದೆ. ನೀನು ಹೋದ ಮೇಲೆ ಪ್ರತಿ ತಿಂಗಳೂ ನನ್ನ ಖಾಲಿ ಹೊಟ್ಟೆಯ ಸಕ್ಕರೆಯ ರಿಪೋರ್ಟಿನ ಫೋಟೋ ಕಳಿಸಿದ್ದೇನೆ. ಜುಲೈಯಲ್ಲಿ ನೂರ ಹದಿನಾಲ್ಕು, ಆಗಸ್ಟಿನಲ್ಲಿ ನೂರ ಹದಿನೆಂಟು. ನೀನು ಹೂವಿನ ಚಿತ್ರ ಕಳಿಸಿ ಮೆಚ್ಚಿದ್ದೀ. ಆ ಸಂಖ್ಯೆಗಳಲ್ಲಿ ಒಂದಕ್ಷರ ತಿದ್ದಿದ್ದಲ್ಲ, ಯಂತ್ರ ಕೊಟ್ಟದ್ದೇ. ಆದರೆ ನಮ್ಮ ಕಸುಬಿನಲ್ಲಿ ಒಂದು ಸಂಗತಿ ಉಂಟು. ಸಕ್ಕರೆ ಪರೀಕ್ಷೆಗೆ ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ಹಾಕಬೇಕು. ಅದರೊಳಗಿನ ಮದ್ದು ರಕ್ತಕಣಗಳ ಬಾಯಿ ಕಟ್ಟುತ್ತದೆ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಆ ಮದ್ದಿಲ್ಲ. ಅದರಲ್ಲಿಟ್ಟರೆ ಕಣಗಳು ಕೂತಲ್ಲೇ ಸಕ್ಕರೆಯನ್ನು ತಿನ್ನುತ್ತಾ ಇರುತ್ತವೆ. ಬೆಳಿಗ್ಗೆ ಏಳಕ್ಕೆ ತೆಗೆದದ್ದನ್ನು ಸಂಜೆ ಐದಕ್ಕೆ ಯಂತ್ರಕ್ಕೆ ಕೊಟ್ಟರೆ ಎಂಥ ಸಕ್ಕರೆಯವನೂ ಸಂತನಾಗುತ್ತಾನೆ. ನಾನು ಎರಡು ತಿಂಗಳು ಸಂತನಾದದ್ದು ಹೀಗೆ. ಹಿರಿಯಡ್ಕದ ಹೋಟೆಲಿನಲ್ಲಿ ನಾನು ತಿಂದ ಬಾಳೆಹಣ್ಣಿನ ಬನ್ಸನ್ನು ನನ್ನ ಕಣಗಳು ಟ್ಯೂಬಿನಲ್ಲಿ ಕೂತು ಜೀರ್ಣ ಮಾಡಿ ಕೊಟ್ಟವು. ಹಿರಿಯಡ್ಕ ಯಾಕೆಂದರೆ ಪರ್ಕಳದಲ್ಲಿ ತಿಂದರೆ ನಿನ್ನ ತಮ್ಮ ನೋಡುತ್ತಾನೆ. ಒಬ್ಬನಿಗಾಗಿ ಮನೆಯಲ್ಲಿ ಎಂತ ಬೇಯಿಸುವುದು ಎಂದು ಶುರುವಾದದ್ದು, ಆಮೇಲೆ ದಿನಾ ಬೆಳಿಗ್ಗೆಯ ಬಸ್ಸಾಯಿತು. ಕಂಡಕ್ಟರಿಗೆ ನಾನು ಅಲ್ಲಿಯೇ ಕೆಲಸಕ್ಕೆ ಹೋಗುವವನೆಂದು ನಂಬಿಕೆ.

ಮೊನ್ನೆ ಗುರುವಾರ ಆಲ್ವಿನ್ ಲ್ಯಾಬಿನಲ್ಲಿ ಪಾಠ ಮಾಡುತ್ತಿದ್ದ. ರಕ್ತ ತೆಗೆದಲ್ಲಿಂದ ಯಂತ್ರಕ್ಕೆ ತಲುಪುವವರೆಗೆ ನರ್ಸುಗಳ ಕೈಯಲ್ಲಿ ಆಗುವ ತಪ್ಪುಗಳು ಎಂಬುದು ಪಾಠ. ಒಬ್ಬರ ರಕ್ತವನ್ನೇ ಕೆಂಪು, ಬೂದು ಎರಡೂ ಟ್ಯೂಬಿನಲ್ಲಿ ಒಂಬತ್ತರಿಂದ ಒಂದು ಗಂಟೆಯವರೆಗೆ ಇಟ್ಟು ವ್ಯತ್ಯಾಸ ತೋರಿಸುತ್ತೇನೆ ಎಂದ. ಎಂದವನೇ ಅಂಗಿಯ ತೋಳು ಮಡಚತೊಡಗಿದ. ಮೂವತ್ತೊಂಬತ್ತು ಜನ ಮುಂದಕ್ಕೆ ಬಾಗಿದರು. ಆ ತೋಳು, ಆ ಬೋರ್ಡಿನಂಥ ನರ, ಆ ಕೂದಲು! ನನಗೆ ಎಂತ ಆಯಿತೋ, ನಾನು ಎದ್ದು ನಿಂತು, "ಈ ಲ್ಯಾಬಿನಲ್ಲಿ ರಕ್ತ ಕೊಡುವುದು ನಾನು. ಬೆಳಿಗ್ಗೆಯಿಂದ ನೀರು ಸಹ ಮುಟ್ಟಿಲ್ಲ" ಎಂದೆ. ಅದು ನಿಜವೇ; ಆ ದಿನ ಬಸ್ಸು ತಪ್ಪಿತ್ತು. ಕುರ್ಚಿಯಲ್ಲಿ ಕೂತು ಕೈ ಚಾಚಿದ ಮೇಲೆಯೇ ಯಾವ ಪಾಠಕ್ಕೆ ಕೈ ಚಾಚಿದ್ದೇನೆಂದು ಹೊಳೆದದ್ದು. ಅಷ್ಟರಲ್ಲಿ ಆಸ್ಯಾ ಪಟ್ಟಿ ಕಟ್ಟಿಯಾಗಿತ್ತು. ಮೊದಲು ಕೆಂಪು, ಮತ್ತೆ ನೇರಳೆ, ಕೊನೆಗೆ ಬೂದು. ನೇರಳೆ ಯಾಕೆ ಎಂದು ಕೇಳಿದರೆ, "ನೀವೇ ಕಲಿಸಿದ ಕ್ರಮ ಸರ್, ಮೂರೂ ಬಣ್ಣ ತುಂಬಿಸ್ಬೇಕು" ಎಂದಳು. ಇಷ್ಟು ಒಳ್ಳೆಯ ಗುರು ನಾನು.

ಒಂದು ಗಂಟೆಗೆ ಆಸ್ಯಾ ಬೋರ್ಡಿನಲ್ಲಿ ಬರೆದಳು. ಕೆಂಪು: ನೂರ ಅರವತ್ತಮೂರು. ಬೂದು: ಇನ್ನೂರ ಹದಿನಾಲ್ಕು. ನಲವತ್ತು ಜನ ವ್ಯತ್ಯಾಸವನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಶತ್ರುವಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗುತ್ತದೆ ಹೇಳು? ಆಲ್ವಿನ್ ಡಸ್ಟರ್ ತೆಗೆದುಕೊಂಡು, "ಯಂತ್ರವನ್ನು ಇವತ್ತು ಸರಿ ನೋಡಿಲ್ಲ, ಸಂಖ್ಯೆ ಬಿಡಿ, ಅಂತರ ಮಾತ್ರ ಬರ್ಕೊಳ್ಳಿ" ಎಂದು ಎರಡನ್ನೂ ಒರೆಸಿಬಿಟ್ಟ. ಯಂತ್ರವನ್ನು ಬೆಳಿಗ್ಗೆ ಸರಿ ನೋಡಿದ್ದು ನಾನೇ, ಅವನ ಎದುರಿಗೆ. ಝೀಟಾ, ಅವನ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಕೂದಲೂ ಅವನಿಗೆ, ನರವೂ ಅವನಿಗೆ, ದೊಡ್ಡ ಮನಸ್ಸೂ ಅವನಿಗೇ ಆದರೆ ಉಳಿದವರಿಗೆ ಎಂತ?

ಶುಕ್ರವಾರ ಅವನು ಒಂದು ಮಡಚಿದ ಚೀಟಿ ತಂದು ನನ್ನ ಮೇಜಿನ ಮೇಲೆ, ಚಹಾದ ಗ್ಲಾಸಿನ ಅಡಿಯಲ್ಲಿಟ್ಟ. ಆ ನೇರಳೆ ಟ್ಯೂಬನ್ನು ನನಗೆ ಹೇಳದೆ ಮಣಿಪಾಲದ ದೊಡ್ಡ ಲ್ಯಾಬಿಗೆ ಕಳಿಸಿದ್ದನಂತೆ. ನೇರಳೆಯದ್ದು ಬೇರೆಯೇ ಸ್ವಭಾವ. ಅದರಲ್ಲಿ ನೋಡುವುದು ಇವತ್ತಿನ ಸಕ್ಕರೆಯನ್ನಲ್ಲ, ಮೂರು ತಿಂಗಳ ಸರಾಸರಿಯನ್ನು. ಒಂದು ದಿನದ ಉಪವಾಸವೂ ಇಡೀ ದಿನದ ಕಾಯುವಿಕೆಯೂ ಅದನ್ನು ಅಲ್ಲಾಡಿಸುವುದಿಲ್ಲ. "ಮೇಡಂ ಮಸ್ಕತ್ತಿಗೆ ಹೋಗಿ ಎಷ್ಟಾಯ್ತು ಸರ್?" ಎಂದು ಕೇಳಿದ. ಮೂರು ತಿಂಗಳು ಎಂದೆ. "ಹಾಗಾದ್ರೆ ಸರಿಯಾಗಿಯೇ ಉಂಟು" ಎಂದು ಕೂದಲು ಸವರಿಕೊಂಡು ಹೋದ. ಶನಿವಾರ ಅವನ ಅಮ್ಮ ಕಾರ್ಕಳದಿಂದ ನನಗೂ ಒಂದು ಟಿಫಿನ್ ಕಳಿಸಿದ್ದರು: ರಾಗಿ ರೊಟ್ಟಿ, ಹೆಸರುಕಾಳು, ಬಸಳೆ. ಒಳ್ಳೆಯದಿತ್ತು. ಅಷ್ಟೇನೂ ಒಳ್ಳೆಯದಿರಲಿಲ್ಲ. ಊಟದ ಮೇಲೆ ಆಸ್ಯಾ ಬಂದು ಬೆರಳು ಚುಚ್ಚಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, "ಸರ್, ಹಿರಿಯಡ್ಕ ಬಸ್ಸಿನಲ್ಲಿ ನಮ್ಮ ಕ್ಲಾಸಿನವರು ಇಬ್ಬರು ಬರ್ತಾರೆ" ಎಂದಳು.

ಬೇರೆ ಎಲ್ಲ ಸೌಖ್ಯ. ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ಹೊಸ ತೆನೆ ತಂದು ಮನೆಯ ಅಲ್ತಾರಿನ ಹತ್ತಿರ ಕಟ್ಟಿದ್ದೇನೆ. ನಿನ್ನ ಪಾಲಿನ ತೆನೆಯನ್ನು ಯಾರಿಗೂ ಕೊಟ್ಟಿಲ್ಲ. ನೀನು ಅಲ್ಲಿ ಆರಾಮವಾಗಿರು, ಅವಸರ ಮಾಡಬೇಡ. ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಮೊಮ್ಮಗನ ಹಣೆಗೆ ನನ್ನ ಪರವಾಗಿ ಒಂದು ಶಿಲುಬೆ ಎಳೆ, ಸಣ್ಣದು ಸಾಕು.

ನಿನ್ನವನೇ ಆದ,
ಕಜೆಟನ್

ತಾ.ಕ.: ಫೈಝಲ್ ಬಂದ, ಗೇಟಿನಲ್ಲಿ ಹಾರ್ನ್ ಹಾಕುತ್ತಿದ್ದಾನೆ. ಚೀಟಿಯಲ್ಲಿದ್ದ ಮೂರು ತಿಂಗಳ ಲೆಕ್ಕ ಶೇಕಡಾ ಒಂಬತ್ತೂವರೆ, ಝೀಟಾ. ಏಳರ ಒಳಗೆ ಇರಬೇಕಾದ್ದು, ನೀನು ಇದ್ದಾಗ ಇತ್ತು. ನಿನ್ನೆಯಿಂದ ಡಾಕ್ಟರರ ಮಾತ್ರೆ ಜಾಸ್ತಿಯಾಗಿದೆ. ಆರಾಮವಾಗಿರು ಎಂದು ಮೇಲೆ ಬರೆದದ್ದೂ, ನಿಲ್ಲು ನಿಲ್ಲು ಎಂದು ಫೋನಿನಲ್ಲಿ ಹೇಳಿದ್ದೂ ಕೆಂಪು ಮುಚ್ಚಳದ ಮಾತು. ಆಲ್ವಿನ್ ಮೇಲೆ ನನಗಿರುವ ಹೊಟ್ಟೆಕಿಚ್ಚು ಅಷ್ಟೇನಲ್ಲ. ದೊಡ್ಡದು ಆ ಐದು ಕಿಲೋ ಇನ್ನೂರು ಗ್ರಾಮಿನವನ ಮೇಲೆ. ಅವನಿಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ಟಿಕೆಟ್ ಮುಂದೆ ಹಾಕಬೇಡ, ಈ ತಿಂಗಳ ಮೂವತ್ತರದ್ದೇ ಇರಲಿ, ಬಾ. ಬಜ್ಪೆ ವಿಮಾನ ನಿಲ್ದಾಣಕ್ಕೆ ಕಾರು ತರುತ್ತೇನೆಂದು ಆಲ್ವಿನ್ ಹೇಳಿದ್ದಾನೆ. ತರಲಿ. ನೀನು ಮಾತ್ರ ಮುಂದಿನ ಸೀಟಿನಲ್ಲಿ ಅವನ ಹತ್ತಿರ ಕೂರಬೇಡ, ಹಿಂದೆ ನನ್ನ ಹತ್ತಿರ ಕೂತುಕೋ.