ಬಾಗಿಲಲ್ಲಿ ಬಿಟ್ಟ ಶೂ

೧೨ ಮಾರ್ಚ್ ೨೦೦೯, ಗುರುವಾರ. ಜರ್ಸಿ ಸಿಟಿ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಾಡಿದ್ದು ಇನ್ನೂ ಕೊರೆಯುತ್ತಿದೆ. ಬ್ಯಾಂಕಿನ ಕೆಲಸ ಹೋದ ಮೇಲೆ, ಈ ವಯಸ್ಸಿನಲ್ಲಿ, ಫೊರೆನ್ಸಿಕ್ ಸೈನ್ಸ್‌ನ ಫೌಂಡೇಶನ್ ವರ್ಷಕ್ಕೆ ಸೇರಿದ್ದೇನೆ. ಇದರಲ್ಲಿ ಪಾಸಾದರಷ್ಟೇ ಡಿಗ್ರಿಗೆ ಸೀಟು. ಕೊಲೆ ನಡೆದ ಮನೆಯಂತೆ ಸಜ್ಜುಮಾಡಿದ್ದ ಕೋಣೆಗೆ, ಶೂ ಮೇಲೆ ಕವರ್ ತೊಡುವ ಬದಲು, ಶೂಗಳನ್ನೇ ಬಾಗಿಲಲ್ಲಿ ಬಿಟ್ಟು ಹೋದೆ. ಯಾರದೋ ಮನೆಯೆಂದು ಕಾಲಿಗೆ ಅನ್ನಿಸಿರಬೇಕು. ನೆಲದ ಧೂಳಿನ ತುಂಬ ನನ್ನದೇ ಸಾಕ್ಸ್ ಗುರುತು.

ಇದನ್ನು ಕೇಳಿ ಮಗಳು ನಬೀಲಾ ಊಟ ಬಿಟ್ಟು ನಕ್ಕಳು. "ಅಮ್ಮಿ, ಕೇಸ್ ಸಾಲ್ವ್ಡ್! ಕೊಲೆಗಾರ್ತಿ ನೀನೇ."

ಆ ಗುರುತುಗಳನ್ನೂ ಫೋಟೋ ತೆಗೆದು, ನನ್ನವೆಂದೇ ವರದಿಯಲ್ಲಿ ಬರೆದಿದ್ದೆ. ಪ್ರೊಫೆಸರ್ ಓದಿ, "ಬೇರೆಯವರಾಗಿದ್ದರೆ ಗುರುತು ಒರೆಸಿಬಿಡುತ್ತಿದ್ದರು, ಸೋಮವಾರ ಇನ್ನೊಮ್ಮೆ ಮಾಡಿ" ಎಂದರು. ಫೇಲ್ ಎನ್ನಲಿಲ್ಲ.

ಸೋಮವಾರವೂ ಹೊಸ್ತಿಲಲ್ಲಿ ಕಾಲು ಹಿಂಜರಿಯಬಹುದು. ಹಿಂಜರಿಯಲಿ, ಆಮೇಲೆ ಶೂ ಮೇಲೆ ಕವರ್ ತೊಟ್ಟು ಒಳಗೆ ಹೋಗುತ್ತದೆ.