ತೊಳೆದಿಟ್ಟ ಡಬ್ಬಿಗಳು

ಅಕ್ಕಾ,

ಲಾರಿ ಬಂದು ನಿಂತಿದೆ, ಹೊರಟೆ. ವಾರದ ಮಧ್ಯಾಹ್ನಗಳಿಗೆಲ್ಲ ಸಲಾಡ್ ಮಾಡಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜೋಡಿಸಿದ್ದೇನೆ. ಅಡಿಯಲ್ಲಿ ನಿಂಬೆರಸ, ಅದರ ಮೇಲೆ ಬೇಯಿಸಿದ ಕಡಲೆ, ಎಲ್ಲಕ್ಕಿಂತ ಮೇಲೆ ಸೊಪ್ಪು. ಊಟದ ಹೊತ್ತಿನವರೆಗೆ ಡಬ್ಬಿಯನ್ನು ಕುಲುಕಬೇಡ; ಸೊಪ್ಪು ಬಾಡಿಹೋಗುತ್ತದೆ.

ಕಳೆದ ವಾರ ನೀನು ದಿನವೂ ಖಾಲಿ ಡಬ್ಬಿ ತೊಳೆದಿಟ್ಟಾಗ ನಾನೆಷ್ಟು ಹಿಗ್ಗಿದ್ದೆ! ನಿನ್ನೆ ನಿನ್ನ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಆ ಗುಂಡಿ ಹಚ್ಚುವ ದಪ್ಪಕ್ಕ ನಕ್ಕು ಹೇಳಿದಳು: "ನಿನ್ನ ಸೊಪ್ಪು ತಿಂದು ನಾವೆಲ್ಲ ಸಣ್ಣಗಾದ್ವಿ ಕಣಪ್ಪಾ! ನಿಮ್ಮಕ್ಕನಿಗೆ ಮಾತ್ರ ಕ್ಯಾಂಟೀನಿನ ಸಿಹಿ ಬನ್ನೇ ಆಗಬೇಕು. 'ಮೇಯೋಕೆ ನಾನೇನು ಆಡಾ?' ಅಂತಾಳೆ."

ಸಕ್ಕರೆ ಕಾಯಿಲೆಗೆ ನಿನ್ನ ಕಾಲಿನ ಒಂದು ಬೆರಳು ಆಗಲೇ ಹೋಗಿದೆ. ಪಕ್ಕದ್ದೂ ಕಪ್ಪಾಗುತ್ತಿರುವುದನ್ನು ಕಾಲುಚೀಲ ಹಾಕಿ ನನ್ನಿಂದ ಮುಚ್ಚಿಡಬಹುದು, ವೈದ್ಯರಿಂದ ಮುಚ್ಚಿಡಲಾಗದು. ಗುರುವಾರ ತಪ್ಪದೆ ಆಸ್ಪತ್ರೆಗೆ ಹೋಗು. ನಿನ್ನನ್ನು ಒಪ್ಪಿಸುವ ಮಾತುಗಳೆಲ್ಲ ನನ್ನಲ್ಲಿ ಮುಗಿದುಹೋಗಿವೆ.

ನೀನು ತಿನ್ನುತ್ತೀಯೆಂಬ ಭರವಸೆ ನನಗಿಲ್ಲ. ಆದರೂ ಮಾಡಿಡದೆ ಹೊರಡಲು ಮನಸ್ಸು ಒಪ್ಪಲಿಲ್ಲ. ಒಂದೇ ಬೇಡಿಕೆ: ತಿನ್ನದಿದ್ದರೆ ಯಾರಿಗೂ ಹಂಚಬೇಡ, ಡಬ್ಬಿಯನ್ನು ತೊಳೆಯಲೂಬೇಡ. ಸೊಪ್ಪು ಅಲ್ಲೇ ಕೊಳೆಯಲಿ. ಬಂದಾಗ ನನಗೆ ನಿಜವಾದರೂ ಸಿಗಲಿ.

ನಿನ್ನ ತಮ್ಮ