ನೀನು ಕೇಳಿದ ಡೈ

ಡುಪಾಯರ್, ಮೊಂಟಾನಾ
ಮಾರ್ಚ್ 9, ಭಾನುವಾರ

ಅಣ್ಣನ ಮಗಳಾದರೂ ನನ್ನ ಮೂಗನ್ನೇ ಹೊತ್ತು ಹುಟ್ಟಿದ ಸಿಗ್ನಿಗೆ,

ಹೇಗಿದ್ದೀಯ ಮಗಳೇ? ಅಲಾಸ್ಕಾದ ಮೀನುದೋಣಿಯ ಉಪ್ಪುನೀರಿಗೆ ಅಂಗೈ ಬಿರಿದಿದೆ ಎಂದು ಬರೆದಿದ್ದೆ. ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮು ಒಂದು ಡಬ್ಬಿ ಕಳಿಸುತ್ತಿದ್ದೇನೆ. ನಾಚಬೇಡ, ನಾನು ಮುಖಕ್ಕೂ ಹಚ್ಚುತ್ತೇನೆ. ಅರವತ್ತೆರಡರಲ್ಲಿ ಈ ಕಾಂತಿ ಸುಮ್ಮನೆ ಬಂದದ್ದಲ್ಲ. ಅತ್ತಿಗೆ, ಅಂದರೆ ನಿನ್ನ ಅಮ್ಮ, ಗಟ್ಟಿಯಾಗಿದ್ದಾರೆ. ಆದರೆ ರಾತ್ರಿ ಊಟಕ್ಕೆ ಇನ್ನೂ ಎರಡು ತಟ್ಟೆ ಇಡುತ್ತಾರೆ. ಎರಡನೆಯದನ್ನು ನಾನೇ ಹೋಗಿ ಖಾಲಿ ಮಾಡುತ್ತೇನೆ.

ಅಪ್ಪನ ಕೋವಿ ಒಯ್ಯುತ್ತೇನೆ, ತೋಟಾ ನಾನೇ ತುಂಬಿಕೊಳ್ಳುತ್ತೇನೆ, ಗುಂಡು ಕೂರಿಸುವ ಡೈ ಯಾವುದು ಕೊಳ್ಳಲಿ, ಇಲ್ಲವೇ ಅಪ್ಪನದ್ದನ್ನೇ ಕಳಿಸುತ್ತೀಯಾ ಎಂದು ಕೇಳಿದ್ದೀಯ. ಸರಿಯಾದ ಮನುಷ್ಯನನ್ನೇ ಕೇಳಿದೆ. ಆರು ಮಕ್ಕಳಿದ್ದ ಹಳ್ಳಿ ಶಾಲೆಯಲ್ಲಿ ನಾನು ಒಂದು ವರ್ಷವೂ ಆರನೆಯ ಸ್ಥಾನಕ್ಕಿಂತ ಕೆಳಗಿಳಿದವನಲ್ಲ. ತೋಟಾ ತುಂಬುವುದರಲ್ಲಂತೂ ಈ ಸೀಮೆಗೇ ಮೇಷ್ಟ್ರು. ಹಿತ್ತಾಳೆ ಚಿಪ್ಪಿಗೆ ಮದ್ದು ಸುರಿದ ಮೇಲೆ ಅದರ ಬಾಯಿಗೆ ಗುಂಡನ್ನು ಒತ್ತಿ ನಿಲ್ಲಿಸುವುದು ಈ ಡೈ. ಅಗ್ಗದ್ದು ಗುಂಡನ್ನು ಓರೆ ಕೂರಿಸುತ್ತದೆ, ಕುಡುಕನ ತಲೆಯ ಮೇಲಿನ ಟೋಪಿಯ ಹಾಗೆ. ಒಳಗೆ ಜಾರುವ ಕೊಳವೆ ಇರುವುದನ್ನು ಕೊಳ್ಳು. ಅದು ಚಿಪ್ಪನ್ನೂ ಗುಂಡನ್ನೂ ಮೊದಲು ಒಂದೇ ನೇರಕ್ಕೆ ಹಿಡಿದು ಆಮೇಲೆ ಒತ್ತುತ್ತದೆ. ಒತ್ತುವ ಕಡ್ಡಿ ಗುಂಡಿನ ಮೂತಿಯನ್ನು ಮುಟ್ಟಬಾರದು, ಹೆಗಲನ್ನು ಹಿಡಿಯಬೇಕು. ತಲೆಯ ಮೇಲೆ ಗೆರೆ ಕೊರೆದ ತಿರುಗಣೆ ಇದ್ದರೆ ಕೂದಲೆಳೆಯಷ್ಟು ಆಳವನ್ನೂ ಹೆಚ್ಚುಕಡಿಮೆ ಮಾಡಬಹುದು.

ಹೋದ ಬೇಸಿಗೆಯಲ್ಲಿ ಅಣ್ಣನಿಗೆ ಅಂಥದ್ದನ್ನೇ ಆರಿಸಿ ಕೊಟ್ಟವನು ನಾನೇ. ಅವನು ಅಳತೆ ಹಿಡಿದು ಕೂತರೆ ಎರಡು ಲೋಟ ಕಾಫಿ ಆರಿಹೋಗುತ್ತಿತ್ತು. “ಅಳೆದು ನೋಡೋ ಲೈಲ್, ಗುಂಡು ಬದಲಾದ್ರೆ ತಿರುಗಣೆನೂ ಬದಲಾಗ್ಬೇಕು ಕಣೋ” ಅನ್ನುತ್ತಿದ್ದ. “ನನ್ನ ಬೆರಳಿಗೇ ಕಣ್ಣಿದೆ, ನೀನು ನಿನ್ನ ಕನ್ನಡಕ ಒರೆಸ್ಕೋ ಹೋಗು” ಅನ್ನುತ್ತಿದ್ದೆ.

ನಿನ್ನ ಪತ್ರದ ಒಂದು ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. “ಅಪ್ಪ ಕೆಟ್ಟ ತೋಟಾ ಮಾಡ್ಕೊಂಡು ಸತ್ತ, ನಾನು ಹಾಗೆ ಮಾಡಲ್ಲ” ಎಂದಿದ್ದೀಯ. ಊರೂ ಅದನ್ನೇ ಹೇಳುತ್ತದೆ. ಅಕ್ಟೋಬರಿನಲ್ಲಿ ಎಲ್ಕ್ ಜಿಂಕೆಯ ಬೇಟೆಗೆ ಹೋದವನನ್ನು ಕರಡಿ ಬೇಲಿಯ ಪಕ್ಕದಲ್ಲೇ ಹರಿದು ಹಾಕಿತ್ತು. ಕಾಡು ಕಾಯುವ ವಾರ್ಡನ್ ಹೋಗಿ ನೋಡಿದಾಗ ಗುಂಡು ನಳಿಗೆಯ ಬುಡದಲ್ಲಿ ಕಚ್ಚಿಕೊಂಡಿತ್ತು, ಬರಿ ಚಿಪ್ಪು ಹಿಮದ ಮೇಲೆ ಬಿದ್ದಿತ್ತು, ಮದ್ದು ಕೋವಿಯೊಳಗೆಲ್ಲ ಚೆಲ್ಲಿತ್ತು. ಎರಡನೆಯ ತೋಟಾ ಒಳಗೆ ಹೋಗದೆ ಅರ್ಧದಲ್ಲೇ ನಿಂತಿತ್ತು. ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಮುದುಕರು “ಹಾಲ್ವರ್‌ಗೆ ವಯಸ್ಸಾಯ್ತು, ಕೈ ತಪ್ತು, ಇನ್ನೇನು” ಅಂದರು. ನಾನೂ ಅದೇ ಮೇಜಿನಲ್ಲಿದ್ದೆ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಅವತ್ತು ಮುಚ್ಚಿಕೊಂಡು ಕೂತಿದ್ದೆ.

ಇರಲಿ. ನಿನ್ನ ಬಲೆ ಭಾರವಾಗಲಿ, ಬೆನ್ನು ಹಗುರವಾಗಿರಲಿ. ಚಳಿ ನಿನ್ನ ಹತ್ತೂ ಬೆರಳನ್ನು ನಿನಗೇ ಬಿಡಲಿ.

ನಿನ್ನ ಚಿಕ್ಕಪ್ಪ,
ಲೈಲ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಅಪ್ಪನ ಡೈ ಕಳಿಸುವುದಿಲ್ಲ. ಆ ತೋಟಾ ಮಾಡಿದ್ದು ಅವನಲ್ಲ, ನಾನು. ಹಳೆಯ ಗುಂಡು ಅಂಗಡಿಯಲ್ಲಿ ಸಿಗದೆ ಅವನು ಮೊಂಡು ಮೂತಿಯದ್ದು ತಂದಿದ್ದ. ತಿರುಗಣೆ ಮುಟ್ಟದೆ, ಅಳೆಯದೆ ಇಪ್ಪತ್ತು ತುಂಬಿ ಕೊಟ್ಟೆ. ಗುಂಡಿನ ದಪ್ಪ ಭಾಗ ಮುಂದಕ್ಕೆ ಉಳಿದು, ಕೋವಿಗೆ ಹಾಕಿದರೆ ನಳಿಗೆಗೆ ಕಚ್ಚಿಕೊಳ್ಳುವ ಹಾಗಾಗಿತ್ತು. ಬೇಲಿ ದಾಟುವ ಮುಂಚೆ ಕೋವಿ ಖಾಲಿ ಮಾಡಬೇಕೆಂದು ನಮಗೆಲ್ಲ ಕಲಿಸಿದವನು ಅವನೇ. ಅವತ್ತೂ ಖಾಲಿ ಮಾಡಲು ಹೋದ, ಅಷ್ಟೇ ಅವನು ಮಾಡಿದ್ದು. ಅತ್ತಿಗೆಗೆ ಹೇಳಬೇಕೆಂದು ಮೂರು ಸಲ ಹೋದೆ, ಮೂರು ಸಲವೂ ಉಂಡು ಬಂದೆ. ನಾಳೆ ಈ ಕಾಗದ ಅಂಚೆಗೆ ಹಾಕಿ ನೇರ ಅಲ್ಲಿಗೇ ಹೋಗುತ್ತೇನೆ. ಹೇಳಿದೆನೋ ಇಲ್ಲವೋ ಎಂದು ನೀನೇ ಫೋನ್ ಮಾಡಿ ಕೇಳು, ನನ್ನನ್ನು ನಂಬಬೇಡ. ಹೊಸ ಡೈ ಕೊಂಡ ಮೇಲೆ ಮದ್ದಿಲ್ಲದ ಒಂದು ತೋಟಾ ಮಾಡಿ, ಕೋವಿಗೆ ಹಾಕಿ, ತೆಗೆದು ನೋಡು. ಆ ಡೈಯಲ್ಲೇ ಹಾಗೊಂದು ಮಾಡಿ ನಾನು ಮೊನ್ನೆ ನೋಡಿದೆ, ಐದು ತಿಂಗಳು ತಡವಾಗಿ. ಚಿಪ್ಪು ಬಂತು, ಗುಂಡು ಬರಲಿಲ್ಲ.